ಕಡಲೆಕಾಯಿ ಹೊಲಕ್ಕೆ ಹೋದ ಕಡಗ

ಮೊನ್ನೆ ಶಿರಾದಲ್ಲಿ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ನೋಡಿಸಿಕೊಳ್ಳೋಣ ಎಂದು ಲ್ಯಾಬಿಗೆ ಹೋಗಿದ್ದೆ. ಇದೆ ಎಂದರೆ ಭಯ, ಇಲ್ಲ ಎಂದರೆ ಸರಿಯಾಗಿ ನೋಡಿದರೋ ಇಲ್ಲವೋ ಎಂಬ ಭಯ. ನನ್ನ ಜಾಯಮಾನವೇ ಅಂಥದ್ದು. ಅಲ್ಲಿದ್ದ ಹುಡುಗಿ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ನನ್ನ ಕೈ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದೆ ಡವಡವ ಹೊಡೆದುಕೊಳ್ಳತೊಡಗಿತು. ಸೂಜಿಗೆ ಹೆದರಿದ್ದಾರೆ ಎಂದುಕೊಂಡು, ಇರುವೆ ಕಚ್ಚಿದ ಹಾಗೆ ಅಷ್ಟೇ ಆಂಟಿ ಎಂದು ಅವಳು ಸಮಾಧಾನ ಮಾಡಿದಳು. ನಾನು ಹೂಂಗುಟ್ಟಿ ಕಣ್ಣು ಮುಚ್ಚಿಕೊಂಡೆ. ಪಾವಗಡದ ಕಡೆ ಕೆಲಸದಲ್ಲಿದ್ದ ಕೊನೆಯ ವರ್ಷ ದಿನಾ ಬೆಳಗ್ಗೆ ನಾನೂ ಹೀಗೆಯೇ ಇಪ್ಪತ್ತೆರಡು ಮಕ್ಕಳ ಮುಂಗೈಗಳನ್ನು ಸ್ಪಿರಿಟ್‌ ಹತ್ತಿಯಿಂದ ಒರೆಸುತ್ತಿದ್ದೆ. ಅದರಲ್ಲಿ ಒಂದು ಕೈ ಈಗಲೂ ನನ್ನನ್ನು ಬಿಟ್ಟಿಲ್ಲ.

ನನ್ನ ಊರು ಮಧುಗಿರಿ. ನಮ್ಮನೆಯವರು ಅಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ. ನಾನು ವಿಜ್ಞಾನದ ಟೀಚರ್. ಆಗ ವಾರವೆಲ್ಲ ಪಾವಗಡದಲ್ಲೊಂದು ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನ ಮಧುಗಿರಿಯ ಬಸ್ಸು. ಕೋಣೆಯ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡಿ, ಬಸ್‌ ಸ್ಟ್ಯಾಂಡಿನವರೆಗೂ ಹೋಗಿ, ಅಲ್ಲಿಂದ ವಾಪಸು ಬಂದು ನಾಲ್ಕನೇ ಸಲ ಜಗ್ಗಿದ್ದೂ ಉಂಟು. ಶಾಲೆ ಇದ್ದದ್ದು ತಿರುಮಣಿ ಕಡೆಯ ಒಂದು ಊರಿನಲ್ಲಿ. ಊರಿನ ಹೆಸರು ಬೇಡ, ಅಲ್ಲಿಯವರು ಇನ್ನೂ ಅಲ್ಲೇ ಇದ್ದಾರೆ. ಹತ್ತನೇ ತರಗತಿಯ ಕಿಟಕಿಯಾಚೆ ಕಣ್ಣು ಹಾಯುವವರೆಗೂ ಸೋಲಾರ್‌ ಪ್ಲೇಟುಗಳು. ಅವುಗಳ ಕೆಳಗಿನ ಜಮೀನು ನಮ್ಮ ಮಕ್ಕಳ ಅಪ್ಪ ತಾತಂದಿರದ್ದೇ. ಅದನ್ನು ಗುತ್ತಿಗೆಗೆ ಕೊಟ್ಟ ಮೇಲೆ ಆ ಮನೆಗಳ ಹೆಂಗಸರು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು. ಕಡಲೆಕಾಯಿ ಕೀಳುವ ಕಾಲದಲ್ಲಿ ಟೆಂಪೋ ಹತ್ತಿ ವೈ.ಎನ್.ಹೊಸಕೋಟೆಯವರೆಗೂ ಹೋಗುತ್ತಿದ್ದರು.

ಆ ವರ್ಷ ಶಾಲೆ ಶುರುವಾದ ವಾರದಲ್ಲೇ ಬೆಂಗಳೂರಿನ ಒಂದು ಸಂಸ್ಥೆಯವರು ಕಾರಿನಲ್ಲಿ ಎರಡು ಪೆಟ್ಟಿಗೆ ತಂದಿಳಿಸಿದರು. ಒಂದರಲ್ಲಿ ಗೋಡೆಗೆ ತೂಗುಹಾಕುವ ದೊಡ್ಡ ಪರದೆ, ಇನ್ನೊಂದರಲ್ಲಿ ಕೈಗೆ ಕಟ್ಟುವ ಪಟ್ಟಿಗಳು. ಪಟ್ಟಿ ಕಟ್ಟಿಕೊಂಡು ಕೈ ಆಡಿಸಿದರೆ ಪರದೆಯ ಮೇಲಿನ ಕಂಪ್ಯೂಟರ್‌ ಹೇಳಿದಂತೆ ಕೇಳುತ್ತದೆ. ಅಂಗೈ ಬೀಸಿದರೆ ಪುಟ ತಿರುಗುತ್ತದೆ, ಎರಡು ಬೆರಳು ಚಿವುಟಿದರೆ ಹೃದಯದ ಚಿತ್ರ ಬಿಚ್ಚಿಕೊಂಡು ಒಳಗಿನ ಕವಾಟ ಕಾಣಿಸುತ್ತದೆ. ಮಕ್ಕಳು ಅದಕ್ಕೆ ಆ ದಿನವೇ ಕಡಗ ಎಂದು ಹೆಸರಿಟ್ಟರು. ಸಂಸ್ಥೆಯ ಪರವಾಗಿ ತಿಂಗಳಿಗೊಮ್ಮೆ ಬರುತ್ತಿದ್ದವಳು ಶ್ರುತಿ ಎಂಬ ಚೂಟಿ ಹುಡುಗಿ. ಕಡಗ ಸರಿಯಾಗಿ ಕೆಲಸ ಮಾಡಬೇಕಾದರೆ ಚರ್ಮದ ಮೇಲೆ ಎಣ್ಣೆ, ಬೆವರು, ಧೂಳು ಇರಬಾರದು ಎಂದು ಸ್ಪಿರಿಟ್‌ ಬಾಟಲಿ ಕೊಟ್ಟು, ಒರೆಸುವುದನ್ನು ಕಲಿಸಿದವಳೂ ಅವಳೇ. ಮತ್ತೆ ಎರಡು ಮಾತನ್ನು ಒತ್ತಿ ಹೇಳಿದಳು. ಕಡಗ ಶಾಲೆಯ ಕಾಂಪೌಂಡು ದಾಟಬಾರದು. ವಾರಕ್ಕೆ ಇಷ್ಟು ಗಂಟೆ ಎಂದು ಲೆಕ್ಕವಿದೆ, ಸತತ ಮೂರು ವಾರ ಬಳಕೆ ಕಡಿಮೆಯಾದರೆ ಪೆಟ್ಟಿಗೆ ಬೇರೆ ಶಾಲೆಗೆ ಹೋಗುತ್ತದೆ.

ಹೆಡ್‌ಮಾಸ್ಟರು ರುದ್ರಪ್ಪನವರು ಎಲ್ಲದಕ್ಕೂ ತಲೆಯಾಡಿಸಿ ಕಾಫಿ ತರಿಸಿದರು. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಒಡೆದರೆ ಯಾರು ಹೊಣೆ, ಕರೆಂಟು ಹೊಡೆದರೆ ಏನು ಗತಿ, ಮಕ್ಕಳ ಮುಂದೆ ನನಗೇ ಬಾರದೆ ಹೋದರೆ ಮುಖ ಎಲ್ಲಿಡುವುದು ಎಂದು ಹೊರಳಾಡಿದೆ.

ಮೊದಲ ಪಾಠ ಬೆಳಕಿನ ವಕ್ರೀಭವನ. ನಾನು ಹನ್ನೊಂದು ವರ್ಷದಿಂದ ಅದನ್ನು ಒಂದೇ ಧಾಟಿಯಲ್ಲಿ ಹೇಳಿಕೊಂಡು ಬಂದವಳು. ಪಾಠ ಮುಗಿಸಿ ಎಂದಿನಂತೆ ಅರ್ಥ ಆಯ್ತಾ ಎಂದೆ. ಎಲ್ಲ ಎಂದಿನಂತೆ ರಾಗವಾಗಿ ಆಯ್ತು ಮಿಸ್ ಎಂದರು. ಆದರೆ ಕಡಗದಲ್ಲಿ ಒಂದು ಸನ್ನೆ ಇತ್ತು. ಅರ್ಥವಾಗದಿದ್ದರೆ ಬೆಂಚಿನ ಕೆಳಗೆ ಯಾರಿಗೂ ಕಾಣದ ಹಾಗೆ ಮುಷ್ಟಿ ಹಿಡಿದು ಸ್ವಲ್ಪ ಕೆಳಕ್ಕೆ ಜಗ್ಗಿದರೆ ಸಾಕು, ಪರದೆಯ ಮೂಲೆಯಲ್ಲಿ ಒಂದು ಕೆಂಪು ಚುಕ್ಕಿ ಹೊತ್ತಿಕೊಳ್ಳುತ್ತಿತ್ತು. ಯಾರದೆಂದು ಪರದೆಯಲ್ಲಿ ತೋರಿಸುತ್ತಿರಲಿಲ್ಲ. ಆಯ್ತು ಮಿಸ್ ಎಂಬ ಆ ರಾಗ ಇನ್ನೂ ಕಿವಿಯಲ್ಲಿರುವಾಗಲೇ ಪರದೆಯ ಮೂಲೆಯಲ್ಲಿ ಚುಕ್ಕಿಗಳು ಒಂದೊಂದಾಗಿ ಹೊತ್ತಿಕೊಂಡವು. ಎಣಿಸಿದೆ, ಹದಿನೇಳು. ಇಪ್ಪತ್ತೆರಡರಲ್ಲಿ ಹದಿನೇಳು ಮಕ್ಕಳು. ನನಗೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು, ಆಮೇಲೆ ಹನ್ನೊಂದು ವರ್ಷಗಳ ಮಕ್ಕಳೆಲ್ಲ ಕಣ್ಣ ಮುಂದೆ ಬಂದರು. ಮರುದಿನ ಸ್ಟೀಲ್‌ ಲೋಟದಲ್ಲಿ ನೀರು ತರಿಸಿ, ಪೆನ್ಸಿಲ್‌ ಇಳಿಸಿ, ಮೊದಲಿಂದ ಶುರುಮಾಡಿದೆ.

ನನ್ನ ಕೈಯಲ್ಲಿದ್ದ ಟ್ಯಾಬಿನಲ್ಲಿ ಮಾತ್ರ ಚುಕ್ಕಿ ಯಾರದೆಂದು ಗೊತ್ತಾಗುತ್ತಿತ್ತು. ಕೊನೆಯವರೆಗೂ ಆರದೆ ಉಳಿಯುತ್ತಿದ್ದುದು ನಾಗವೇಣಿಯದು. ಹಿಂದಿನ ಬೆಂಚಿನ ಗೋಡೆ ಪಕ್ಕದ ಹುಡುಗಿ. ಎರಡು ವರ್ಷದಿಂದ ನನ್ನ ಪಾಠ ಕೇಳಿದ್ದಳು, ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಹೆಸರು ಕೂಗಿದರೆ ಎದ್ದು ನಿಂತು ನೆಲ ನೋಡುವುದು, ಕೂರು ಎಂದರೆ ಕೂರುವುದು. ದಡ್ಡಿ ಎಂದು ನಾನೂ ತೀರ್ಮಾನ ಮಾಡಿಬಿಟ್ಟಿದ್ದೆ, ಅದನ್ನು ಮುಚ್ಚಿಡುವುದೇಕೆ? ಬಾಯಿ ಬಿಡದ ಆ ಹುಡುಗಿ ಈಗ ಮುಷ್ಟಿ ಹಿಡಿದು ನನ್ನ ಜೊತೆ ಮಾತಾಡುತ್ತಿದ್ದಳು. ಇಲ್ಲ, ಇದು ಗೊತ್ತಾಗಲಿಲ್ಲ. ಇಲ್ಲ, ಇದೂ ಗೊತ್ತಾಗಲಿಲ್ಲ. ನಾನು ಹೇಳುವ ದಾರಿ ಬದಲಾಯಿಸಿ ಬದಲಾಯಿಸಿ ನೋಡುತ್ತಿದ್ದೆ, ಅವಳ ಚುಕ್ಕಿ ಆರುವವರೆಗೂ ಮುಂದಕ್ಕೆ ಹೋಗುತ್ತಿರಲಿಲ್ಲ. ಜುಲೈಯಲ್ಲಿ ಚಿಕೂನ್‌ಗುನ್ಯಾ ಬಂದು ತಿಂಗಳು ಪೂರ್ತಿ ಮಲಗಿಬಿಟ್ಟಳು. ಎದ್ದು ಬಂದ ಮೇಲೆ ಬಿಟ್ಟುಹೋದ ಪಾಠಗಳನ್ನು ಸಂಜೆ ಕೂರಿಸಿಕೊಂಡು ಹೇಳಿಕೊಟ್ಟೆ. ಸೆಪ್ಟೆಂಬರಿನ ಒಂದು ದಿನ ಎಲ್ಲರೂ ಹೊರಟ ಮೇಲೆ ಅವಳು ಕಡಗ ಬಿಚ್ಚಿ ನನ್ನ ಮೇಜಿನ ಮೇಲಿಟ್ಟು, ಹೋಗದೆ ಅಲ್ಲೇ ನಿಂತಳು.

"ಇವತ್ತು ಒಂದ್ಸಲಾನೂ ಮುಷ್ಟಿ ಹಿಡೀಲಿಲ್ಲ ಮಿಸ್," ಎಂದಳು.

ಅವಳ ದನಿ ಸ್ವಲ್ಪ ಗಡಸು ಎಂದು ನನಗೆ ಗೊತ್ತಾದದ್ದೇ ಆವತ್ತು. ಬಸ್ಸಿನಲ್ಲಿ ಕೂತು ಸುಮ್ಮಸುಮ್ಮನೆ ನಗುತ್ತಿದ್ದೆನಂತೆ, ಕಂಡಕ್ಟರು ಏನ್ ಮೇಡಂ ಇಂಕ್ರಿಮೆಂಟ್ ಬಂತಾ ಎಂದು ಛೇಡಿಸಿದ.

ಆ ಸಲ ಮಳೆ ತಡವಾಗಿ ಹಿಡಿದು, ಬಿಡಬೇಕಾದಾಗ ಬಿಡದೆ ಸುರಿಯಿತು. ದಸರಾ ರಜೆಯಲ್ಲಿ ಮುಗಿಯಬೇಕಿದ್ದ ಕಡಲೆಕಾಯಿ ಕೀಳುವ ಕೆಲಸ ರಜೆ ಮುಗಿದ ಮೇಲೆ ಶುರುವಾಯಿತು. ಹಸಿ ನೆಲದಲ್ಲಿ ಕಾಯಿ ಮೊಳಕೆಯೊಡೆಯುವ ಮೊದಲೇ ಗಿಡ ಕಿತ್ತು ಬಿಡಿಸಿಬಿಡಬೇಕೆಂದು ಎಲ್ಲರಿಗೂ ಒಮ್ಮೆಗೇ ಆತುರ. ಎಷ್ಟು ಕೈ ಇದ್ದರೂ ಸಾಲದು. ನನ್ನ ತರಗತಿ ಅರ್ಧ ಖಾಲಿಯಾಯಿತು. ಮೊದಲ ವಾರ ಶ್ರುತಿಯಿಂದ ಮೆಸೇಜು ಬಂತು, ಬಳಕೆ ಕಡಿಮೆಯಾಗಿದೆ ಮೇಡಂ ಎಂದು. ಎರಡನೇ ವಾರವೂ ಬಂತು. ಮೂರನೆಯದು ಬಂದರೆ ಪೆಟ್ಟಿಗೆ ಹೊರಡುತ್ತದೆ. ಪೆಟ್ಟಿಗೆ ಹೊರಟರೆ ನಾಗವೇಣಿ ಮತ್ತೆ ನೆಲ ನೋಡುತ್ತಾ ನಿಲ್ಲುತ್ತಾಳೆ, ನಾನು ಮತ್ತೆ ಆಯ್ತು ಮಿಸ್ ಕೇಳಿಕೊಂಡು ಮನೆಗೆ ಹೋಗುತ್ತೇನೆ.

ಆಗ ನನಗೆ ಹೊಳೆದದ್ದು ಎಂಥ ಬುದ್ಧಿ ನೋಡಿ. ಶ್ರುತಿ ಕೇಳುವುದು ಒಟ್ಟು ಗಂಟೆ. ಕಡಗ ಕೈಯಲ್ಲಿದ್ದರೆ ಗಂಟೆ ಓಡುತ್ತದೆ. ಪಾಠ ಕೇಳಿದರೂ ಓಡುತ್ತದೆ, ಕೇಳದಿದ್ದರೂ ಓಡುತ್ತದೆ. ಶಾಲೆಯಿಂದ ದೂರವಿದ್ದರೂ ಅದು ಎಲ್ಲವನ್ನೂ ತನ್ನೊಳಗೆ ಕೂಡಿಟ್ಟುಕೊಂಡು, ಪರದೆಯ ಹತ್ತಿರ ಬಂದಾಗ ಒಪ್ಪಿಸುತ್ತದೆ. ಹೊಲಕ್ಕೆ ಹೋಗುತ್ತಿದ್ದವರಲ್ಲಿ ಐದು ಮಕ್ಕಳ ಕೈಗೆ ನಾನೇ ಕಡಗ ಕೊಟ್ಟು ಕಳಿಸಿದೆ. ಏನೂ ಮಾಡಬೇಡಿ, ಬೆಳಗ್ಗೆಯಿಂದ ಸಂಜೆವರೆಗೂ ಕಟ್ಟಿಕೊಂಡಿರಿ, ನೀರಿಗೆ ತಾಗಿಸಬೇಡಿ ಎಂದೆ. ಗಂಟೆಗೂ ಹಾಜರಿ ಪುಸ್ತಕಕ್ಕೂ ತಾಳೆಯಾಗಬೇಕಲ್ಲ, ಆ ಐವರಿಗೂ ಹದಿನೈದು ದಿನ ಹಾಜರಿ ಹಾಕಿದೆ. ಬೀಗವನ್ನು ನಾಲ್ಕು ಸಲ ಜಗ್ಗುವವಳು ಇದನ್ನು ಒಂದು ಸಲವೂ ಜಗ್ಗಿ ನೋಡಲಿಲ್ಲ.

ಐವರಲ್ಲಿ ನಾಲ್ವರು ಅರ್ಧ ದಿನಕ್ಕೆ ಕೈ ಕಡಿಯುತ್ತದೆ ಎಂದು ಬಿಚ್ಚಿಟ್ಟರು. ಅವರಲ್ಲೊಬ್ಬ ಆಮೇಲೆ ಅದನ್ನು ಮೇಕೆಯ ಕಾಲಿಗೆ ಕಟ್ಟಿದ್ದನಂತೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದವಳು ನಾಗವೇಣಿ ಒಬ್ಬಳೇ. ಹದಿನೈದು ದಿನವೂ ಬೆಳಗಿನಿಂದ ಸಂಜೆಯವರೆಗೆ ಕಟ್ಟಿಕೊಂಡಳು. ರಾತ್ರಿ ಬಿಚ್ಚಿ ಪ್ಲಾಸ್ಟಿಕ್‌ ಕವರಿನಲ್ಲಿ ಸುತ್ತಿ ಇಡುತ್ತಿದ್ದಳಂತೆ.

ಕಡಲೆಕಾಯಿ ಬಿಡಿಸುವುದನ್ನು ನೋಡಿದವರಿಗೆ ಗೊತ್ತು. ಎಡಗೈಯಲ್ಲಿ ಗಿಡ, ಬಲಗೈಯಲ್ಲಿ ಬೇರಿನ ಗೊಂಚಲು. ಮುಷ್ಟಿಯಲ್ಲಿ ಹಿಡಿದು ಕೆಳಕ್ಕೆ ಜಗ್ಗಿದರೆ ಕಾಯಿ ಕಿತ್ತು ಬರುತ್ತದೆ. ಮತ್ತೆ ಹಿಡಿ, ಮತ್ತೆ ಜಗ್ಗು. ಬೆಳಗ್ಗೆಯಿಂದ ಹೊತ್ತು ಇಳಿಯುವವರೆಗೂ ಅದೇ. ನಾನೂ ಚಿಕ್ಕವಳಿದ್ದಾಗ ಅಜ್ಜಿಯ ಹೊಲದಲ್ಲಿ ಮಾಡಿದವಳೇ. ಆದರೂ ಮುಷ್ಟಿ ಹಿಡಿದು ಜಗ್ಗುವುದು ಎಂದರೆ ಕಡಗಕ್ಕೆ ಏನರ್ಥ ಎಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ನವೆಂಬರಿನಲ್ಲಿ ಶ್ರುತಿ ಬಂದು ಎಲ್ಲ ಕಡಗಗಳ ಲೆಕ್ಕ ತೆಗೆದು ಹೆಡ್‌ಮಾಸ್ಟರಿಗೆ ಒಂದು ಪಟ್ಟಿ ಕೊಟ್ಟಳು. ಪಾಠ ಅರ್ಥವಾಗದೆ ತೀರಾ ಹಿಂದೆ ಬಿದ್ದ ಮಕ್ಕಳ ಪಟ್ಟಿ ಅದು. ಎಲ್ಲಕ್ಕಿಂತ ಮೇಲೆ ನಾಗವೇಣಿಯ ಹೆಸರು. ಅವಳು ಅರ್ಥವಾಗಲಿಲ್ಲ ಎಂದದ್ದು ಇಡೀ ತರಗತಿಯ ಮಕ್ಕಳೆಲ್ಲ ಸೇರಿ ಅಲ್ಲಿಯವರೆಗೆ ಹೇಳಿದ್ದಕ್ಕಿಂತ ಜಾಸ್ತಿ. ಮೇಕೆಗೆ ಮಾತ್ರ ಪಾಠ ಚೆನ್ನಾಗಿ ಅರ್ಥವಾಗಿತ್ತು. ಈಗ ಹೇಳುವಾಗ ನಗು ಬರುತ್ತದೆ, ಆವತ್ತು ಕಾಲಿನ ಕೆಳಗೆ ನೆಲ ಇರಲಿಲ್ಲ.

ರುದ್ರಪ್ಪನವರು ಕೆಟ್ಟ ಮನುಷ್ಯರಲ್ಲ. ಹಿಂದಿನ ವರ್ಷ ಫಲಿತಾಂಶ ಕುಸಿದಾಗ ಮೇಲಿನವರು ಮೀಟಿಂಗಿನಲ್ಲಿ ಅವರನ್ನು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿದ್ದರು, ಆ ನೋವು ಅವರಿಗೆ ಇನ್ನೂ ಮಾಸಿರಲಿಲ್ಲ. ಪರೀಕ್ಷೆಗೆ ಕೂರುವವರ ಪಟ್ಟಿ ಮೇಲಕ್ಕೆ ಕಳಿಸುವ ಸಮಯ ಬಂದಿತ್ತು. ನನ್ನನ್ನು ಕರೆದು, ಈ ಹುಡುಗಿಯನ್ನು ಈ ಸಲ ಕೂರಿಸುವುದು ಬೇಡ, ಮನೆಯವರನ್ನು ಒಪ್ಪಿಸೋಣ, ಮುಂದಿನ ವರ್ಷ ಖಾಸಗಿಯಾಗಿ ಬರೆಯಲಿ ಎಂದರು. ಅವಳಿಗೆ ಮುಂದಿನ ವರ್ಷ ಎಂಬುದಿಲ್ಲ ಎಂದು ನನಗೆ ಗೊತ್ತಿತ್ತು. ಆಂಧ್ರದ ಗಡಿಯಾಚೆಯ ಸೋದರಮಾವನ ಮನೆಯವರು ಆಗಲೇ ಎರಡು ಸಲ ಬಂದು ಕೇಳಿ ಹೋಗಿದ್ದರು. ಈ ವರ್ಷ ಪರೀಕ್ಷೆ ಇದೆ ಎಂಬ ಒಂದೇ ಮಾತು ಆ ಮದುವೆಯನ್ನು ತಡೆದು ಹಿಡಿದಿತ್ತು. ನಾನು ಅವಳು ಬರೆಯುತ್ತಾಳೆ ಸಾರ್, ಕಡಗದಲ್ಲೇ ಏನೋ ತಪ್ಪಿದೆ ಎಂದೆ. ಏನು ತಪ್ಪು ಎಂದರು. ಗೊತ್ತಿಲ್ಲ ಎಂದೆ. ಪಟ್ಟಿ ನೋಡಿದಾಗಲೇ ಕಾಯಿ ಬಿಡಿಸುವ ಕೈ ನೆನಪಾಗಿ ನನಗೆ ಗೊತ್ತಾಗಿತ್ತು. ಹೇಳಿದರೆ ಸುಳ್ಳು ಹಾಜರಿ ಹೊರಗೆ ಬರುತ್ತದೆ, ಸಸ್ಪೆಂಡ್‌ ಆದರೆ ಏನು ಗತಿ ಎಂದು ನಾಲಿಗೆ ಕಚ್ಚಿಕೊಂಡೆ.

ಎರಡು ದಿನ ಬಿಟ್ಟು ನಾಗವೇಣಿಯ ತಾಯಿ ಓಬಳಮ್ಮನನ್ನು ಕರೆಸಿದರು. ಪಟ್ಟಿ ವಿವರಿಸಲೆಂದು ಶ್ರುತಿಗೂ ಬರಹೇಳಿದ್ದರು. ಓಬಳಮ್ಮ ಕುರ್ಚಿ ತೋರಿಸಿದರೂ ಕೂರದೆ ಬಾಗಿಲ ಪಕ್ಕ ನಿಂತಿದ್ದಳು, ಮಗಳು ಅವಳ ಬೆನ್ನ ಹಿಂದೆ. ನಿಮ್ಮ ಹುಡುಗಿಗೆ ಪಾಠ ಏನೂ ತಲೆಗೆ ಹತ್ತುತ್ತಿಲ್ಲ, ಈ ಮಿಷನ್ನೇ ಹೇಳುತ್ತಿದೆ ಎಂದು ಹೆಡ್‌ಮಾಸ್ಟರು ನಿಧಾನವಾಗಿ ವಿವರಿಸಿದರು. ಅವಳು ಎಲ್ಲ ಕೇಳಿಸಿಕೊಂಡಳು.

"ನಮ್ ಪಾಪಗೆ ಬುದ್ಧಿ ಲೇದು ಅಂತ ಅದು ಹೆಂಗೆ ಹೇಳ್ತದೆ ಸಾರ್?" ಎಂದಳು ಓಬಳಮ್ಮ. "ಅದನ್ನ ಕಟ್ಕಂಡು ನಮ್ ಜತೆ ಹೊಲದಾಗೆ ಚೆನಿಕ್ಕಾಯಿ ಬಿಡಿಸ್ತಿತ್ತು. ಹದಿನೈದು ದಿನ ಪಾಠ ಯಾಡ ಕೇಳ್ತು?"

ಅವರ ತೆಲುಗು ಬೆರೆತ ಮಾತಿನಲ್ಲಿ ಲೇದು ಎಂದರೆ ಇಲ್ಲ, ಯಾಡ ಎಂದರೆ ಎಲ್ಲಿ, ಚೆನಿಕ್ಕಾಯಿ ಎಂದರೆ ಕಡಲೆಕಾಯಿ. ಶ್ರುತಿ ಚುರುಕಿನ ಹುಡುಗಿ, ಕೂಡಲೇ ಒಂದು ಕಡಗ ತೆಗೆದು ಓಬಳಮ್ಮನ ಕೈಗೆ ಕಟ್ಟಿ, ಹೇಗೆ ಬಿಡಿಸುತ್ತೀರಿ ತೋರಿಸಿ ಎಂದಳು. ಓಬಳಮ್ಮ ನಾಚಿಕೊಂಡು ಗಾಳಿಯಲ್ಲೇ ಕಾಯಿ ಬಿಡಿಸಿದಳು. ಟ್ಯಾಬಿನಲ್ಲಿ ಕೆಂಪು ಚುಕ್ಕಿ ಹೊತ್ತಿಕೊಂಡಿತು, ಮತ್ತೆ ಹೊತ್ತಿಕೊಂಡಿತು, ಮತ್ತೆ. ಹೆಡ್‌ಮಾಸ್ಟರು ಹಾಜರಿ ಪುಸ್ತಕ ತರಿಸಿ ಪುಟ ತಿರುಗಿಸಿದರು. ಹದಿನೈದು ದಿನವೂ ಹಾಜರಿ. ಅವರು ನನ್ನ ಮುಖ ನೋಡಿದರು. ಕಡಗದ ಗಂಟೆ ಲೆಕ್ಕ ನೋಡಿ ಹಾಕಿದೆ ಸಾರ್, ಮಗು ಬಂದಿದೆ ಅಂದುಕೊಂಡೆ ಎಂದೆ. ಈ ಸುಳ್ಳು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ಆಶ್ಚರ್ಯವಾಯಿತು.

ಹಾಗಾದರೆ ಕಡಗ ಹೊಲಕ್ಕೆ ಹೇಗೆ ಹೋಯಿತು ಎಂದು ಅವರು ಕೇಳಿದರು. ನಾಗವೇಣಿ ತಾಯಿಯ ಬೆನ್ನ ಹಿಂದಿನಿಂದ ಈಚೆ ಬಂದು ನನ್ನನ್ನು ನೋಡಿದಳು. ನಾನು ಕಿಟಕಿ ನೋಡಿದೆ.

"ಯಾರ್ಗೂ ಹೇಳ್ದಂಗೆ ನಾನೇ ತಗಂಡೋದೆ ಸಾರ್. ಮಿಸ್‌ಗೆ ಗೊತ್ತಿಲ್ಲ," ಎಂದಳು.

ನಾನು ಬಾಯಿ ಬಿಡಲಿಲ್ಲ. ಆಗ ಒಂದು ಮಾತು ಸಾಕಿತ್ತು. ಬರಲಿಲ್ಲ. ಓಬಳಮ್ಮ ಮಗಳ ಕೆನ್ನೆಗೆ ರಪ್ಪನೆ ಒಂದು ಬಿಟ್ಟಳು, ಅದಕ್ಕೂ ನಾನು ಬಾಯಿ ಬಿಡಲಿಲ್ಲ.

ಮರುದಿನ ಪ್ರೇಯರ್‌ ಮುಗಿದ ಮೇಲೆ ಹೆಡ್‌ಮಾಸ್ಟರು ಅವಳನ್ನು ಮುಂದಕ್ಕೆ ಕರೆದು ನಿಲ್ಲಿಸಿ, ಶಾಲೆಯ ಸಾಮಾನು ಹೇಳದೆ ಒಯ್ಯುವುದಕ್ಕೆ ಏನೆನ್ನುತ್ತಾರೆ ಎಂದು ಇಡೀ ಶಾಲೆಯನ್ನು ಕೇಳಿದರು. ಆರನೇ ತರಗತಿಯ ಮಕ್ಕಳು ಪಾಪ, ಪ್ರಶ್ನೆಗೆ ಉತ್ತರ ಹೇಳಿದರು, ಕಳ್ಳತನ ಸಾರ್ ಎಂದು. ನನ್ನ ಹತ್ತನೇ ತರಗತಿಯವರು ಮಾತ್ರ ಯಾರೂ ಬಾಯಿ ತೆರೆಯಲಿಲ್ಲ. ಅವರಿಗೆಲ್ಲ ನಿಜ ಗೊತ್ತಿತ್ತು, ಕಡಗ ಕೊಟ್ಟಾಗ ಅರ್ಧ ಜನ ಅಲ್ಲೇ ಇದ್ದರು, ಉಳಿದವರಿಗೆ ಅವರೇ ಹೇಳಿದ್ದರು. ಇಪ್ಪತ್ತೊಂದು ಮಕ್ಕಳು ನನ್ನ ಕಡೆಗೇ ನೋಡುತ್ತಿದ್ದರು. ನಾಗವೇಣಿ ಅತ್ತ ಇತ್ತ ನೋಡದೆ ನೇರ ನಡೆದು ತರಗತಿಗೆ ಹೋಗಿ ಚೀಲ ತೆಗೆದುಕೊಂಡು ಮನೆಗೆ ಹೋದಳು. ಮಾರನೆಯ ದಿನ ಬರಲಿಲ್ಲ.

ಶನಿವಾರ ಮಧುಗಿರಿಗೆ ಹೋಗಿ ನಮ್ಮನೆಯವರಿಗೆ ಎಲ್ಲ ಹೇಳಿದೆ. ಸುಮ್ನಿದ್ಬುಡು, ಹುಡುಗೀನೇ ಒಪ್ಕಂಡೈತಲ್ಲ ಎಂದರು. ನನ್ನ ಮೇಲಿನ ಪ್ರೀತಿಗೇ ಹೇಳಿದರು. ನನಗೂ ಬೇಕಾಗಿದ್ದದ್ದು ಅದೇ ಮಾತು. ಆದರೆ ಕೇಳಿದ ಮೇಲೆ ಸಮಾಧಾನವಾಗುವುದರ ಬದಲು ಅವರ ಮೇಲೇ ರೇಗಿದೆ. ಊಟ ಮಾಡಲಿಲ್ಲ. ಭಾನುವಾರ ಮಗಳ ತಲೆ ಬಾಚುತ್ತಿದ್ದೆ. ನನ್ನ ಮಗಳಿಗೂ ಅದೇ ವಯಸ್ಸು. ಇವಳನ್ನು ಯಾರಾದರೂ ಪ್ರೇಯರ್‌ನಲ್ಲಿ ಹಾಗೆ ನಿಲ್ಲಿಸಿದ್ದರೆ ಎಂದುಕೊಂಡಾಗ ಕೈ ನಿಂತುಹೋಯಿತು. ಯಾಕಮ್ಮಾ ಎಂದಳು. ಏನಿಲ್ಲ ಎಂದೆ.

ಸೋಮವಾರ ಒಂದು ಬಿಳಿ ಹಾಳೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದು, ಸಹಿ ಹಾಕಿ, ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟೆ. ಓದಿ ಅವರು ಕನ್ನಡಕ ತೆಗೆದರು.

"ಮುಗ್ದೋಗಿತ್ತಲ್ಲ ಮೇಡಂ, ಯಾಕೆ ಬರ್ಕೊಟ್ರಿ?" ಎಂದರು.

ಮುಗಿದಿಲ್ಲ ಸಾರ್ ಎಂದೆ. ಅವರು ಹಾಳೆಯನ್ನು ಹರಿಯಬಹುದಿತ್ತು, ಹರಿಯಲಿಲ್ಲ. ಹಾಜರಿ ಪುಸ್ತಕ ತರಿಸಿ ಕೆಂಪು ಇಂಕಿನಲ್ಲಿ ಆ ಹದಿನೈದು ದಿನಗಳನ್ನು ತಿದ್ದಿದರು. ನಾನು ಪಕ್ಕದಲ್ಲೇ ನಿಂತು ಕೂಡಿ ನೋಡಿದೆ. ಉಳಿದ ನಾಲ್ವರಿಗೆ ತೊಂದರೆಯಿರಲಿಲ್ಲ. ನಾಗವೇಣಿಗೆ ಜುಲೈಯ ಕಾಯಿಲೆಯ ತಿಂಗಳು, ರಜೆ ಮುಗಿದ ಮೇಲೆ ಕಡಗವಿಲ್ಲದೆ ಹೊಲಕ್ಕೆ ಹೋದ ಎರಡು ವಾರ, ಈಗ ಈ ಹದಿನೈದು ದಿನ. ಪರೀಕ್ಷೆಗೆ ಬೇಕಾದ ಮುಕ್ಕಾಲು ಪಾಲು ಹಾಜರಿಗೆ ಅವಳದು ಕಡಿಮೆ ಬೀಳುತ್ತಿತ್ತು. ಬಾಕಿ ದಿನ ಒಂದೂ ತಪ್ಪಿಸದೆ ಬಂದರೂ ಮೇಲಿನ ಕಚೇರಿಯವರು ಕಾಯಿಲೆಯ ಕಾರಣ ಒಪ್ಪಿ ವಿನಾಯಿತಿ ಕೊಟ್ಟರೆ ಮಾತ್ರ ಪರೀಕ್ಷೆ. ನಿಜ ಹೇಳಿ ಅವಳನ್ನು ಉಳಿಸಲು ಹೋದವಳು ಅದೇ ನಿಜದಿಂದ ಅವಳ ಪರೀಕ್ಷೆಗೆ ಕಲ್ಲು ಹಾಕಿದ್ದೆ. ರುದ್ರಪ್ಪನವರು ಆ ದಿನವೇ ಡಾಕ್ಟರ ಚೀಟಿ ಲಗತ್ತಿಸಿ ಶಿಫಾರಸು ಬರೆದರು. ಕೊಡುತ್ತಾರಾ ಸಾರ್ ಎಂದು ಕೇಳಿದೆ. ನೋಡೋಣ ಬುಡಿ ಎಂದರು, ಅವರಿಗೂ ಗೊತ್ತಿರಲಿಲ್ಲ.

ಶ್ರುತಿಗೂ ಫೋನ್‌ ಮಾಡಿ ಹೇಳಿದೆ. ಅವಳು ಬೈಯಲಿಲ್ಲ. ಕೊಯ್ಲಿನ ಕಾಲ ಎಂದು ಒಂದು ಫೋನ್‌ ಮಾಡಿದ್ದರೆ ಗಂಟೆ ಲೆಕ್ಕ ಬಿಟ್ಟುಕೊಡುತ್ತಿದ್ದೆವು ಮೇಡಂ, ಬೇರೆ ಶಾಲೆಗಳಿಗೂ ಹಾಗೇ ಮಾಡಿದ್ದೇವೆ ಎಂದಳು. ಆ ಒಂದು ಫೋನ್‌ ಮಾಡಲು ನಾನು ಹೆದರಿದ್ದೆ. ಬಳಕೆಯಾಗುತ್ತಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತದಲ್ಲ ಎಂದು. ಕಾಂಪೌಂಡು ದಾಟಿಸಿದ ತಪ್ಪಿಗೆ ಪೆಟ್ಟಿಗೆ ಆ ವಾರವೇ ವಾಪಸು ಹೋಯಿತು, ಪರದೆಯ ಮೊಳೆಗಳು ಗೋಡೆಯಲ್ಲಿ ಉಳಿದವು.

ಬರೆದುಕೊಟ್ಟ ಆ ಸೋಮವಾರ ಸಂಜೆಯೇ ಹೊಲಕ್ಕೆ ಹೋದೆ. ಮಳೆಗೆ ಕೊಚ್ಚೆಯಾದ ದಾರಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಬದುವಿನ ಮೇಲೆ ಹೆಂಗಸರ ಸಾಲು, ಮುಂದೆ ಗಿಡಗಳ ರಾಶಿ. ಓಬಳಮ್ಮ ನನ್ನನ್ನು ಕಂಡು ಎದ್ದಳು, ಮಗಳು ಏಳಲಿಲ್ಲ. ತಾಯಿಗೆ ಎಲ್ಲ ಹೇಳಿದೆ, ನಿನ್ನ ಮಗಳು ಕದ್ದಿಲ್ಲ ಕಣಮ್ಮ, ನಾನೇ ಕೊಟ್ಟದ್ದು ಎಂದೆ. ಅವಳು ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡಳು, ಮಗಳ ಕಡೆ ನೋಡಿದಳು, ಮತ್ತೆ ಗಿಡದ ರಾಶಿಯ ಮುಂದೆ ಕೂತಳು. ಅವಳೇನಾದರೂ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ನಾಗವೇಣಿಯ ಪಕ್ಕ ಮಣ್ಣಿನಲ್ಲೇ ಕುಕ್ಕರುಗಾಲಲ್ಲಿ ಕೂತೆ. ಹೆಡ್‌ಮಾಸ್ಟರಿಗೆ ಬರೆದುಕೊಟ್ಟಿದ್ದೇನೆ, ನಾಳೆಯಿಂದ ಬಾ ಎಂದೆ. ಅವಳು ಬಿಡಿಸುತ್ತಲೇ ಇದ್ದಳು.

"ಹೆಡ್‌ಮಾಸ್ಟರಿಗೆ ಹೇಳಿದ್ರೆ ಆಯ್ತಾ ಮಿಸ್?" ಎಂದಳು. "ನನ್ನ ನಿಲ್ಸಿದ್ದು ಪ್ರೇಯರ್‌ನಾಗೆ. ಅಲ್ಲಿ ಹೇಳ್ತೀರಾ?"

ಹೂಂ ಎಂದೆ.

ಮರುದಿನ ಬೆಳಗ್ಗೆ ಪ್ರೇಯರ್‌ ಮುಗಿಯಿತು. ನಾಗವೇಣಿ ಬಂದಿದ್ದಳು, ಹುಡುಗಿಯರ ಸಾಲಿನಲ್ಲಿ ಕೊನೆಗೆ ನಿಂತಿದ್ದಳು. ನಾನು ಮುಂದೆ ಹೋಗಿ ನಿಂತೆ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ. ಕಡಗವನ್ನು ನಾಗವೇಣಿ ಕದ್ದಿಲ್ಲ, ನಾನೇ ಅವಳ ಕೈಗೆ ಕಟ್ಟಿ ಕಳಿಸಿದ್ದು, ಆಮೇಲೆ ಹೆದರಿ ಸುಳ್ಳು ಹೇಳಿದ್ದೂ ನಾನೇ, ಅವಳು ನನ್ನನ್ನು ಉಳಿಸಲು ತಪ್ಪು ಒಪ್ಪಿಕೊಂಡಳು ಎಂದೆ. ಇಷ್ಟೇ ಹೇಳಿದ್ದು. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಆರನೇ ತರಗತಿಯ ಸಾಲಿನಿಂದ ಒಬ್ಬ, ಹಂಗಾದ್ರೆ ಮಿಸ್ಸೇ ಕಳ್ಳಿನಾ ಎಂದು ಪಕ್ಕದವನನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು. ಯಾರೂ ನಗಲಿಲ್ಲ. ರುದ್ರಪ್ಪನವರು ಸರಿ ನಡೀರಿ ತರಗತಿಗೆ ಎಂದರು.

ಸಾಲು ಚದುರುವಾಗ ನಾಗವೇಣಿ ನನ್ನ ಹತ್ತಿರ ಬಂದಳು.

"ಈಗ ನಾನು ಪರೀಕ್ಷೆಗೆ ಕೂತ್ಕಬೋದಾ ಮಿಸ್?"

"ಕೂತ್ಕಬೋದು," ಎಂದೆ.

ಸರಿ ಎಂಬಂತೆ ತಲೆಯಾಡಿಸಿ ಒಳಗೆ ಹೋದಳು. ಆ ಮಾತು ಹೇಳುವಾಗ ಮೇಲಿನ ಕಚೇರಿಯಿಂದ ಏನೂ ಬಂದಿರಲಿಲ್ಲ. ಬರುತ್ತದೆಂಬ ನಂಬಿಕೆಯೂ ನನಗಿರಲಿಲ್ಲ. ಆ ಮುಖ ನೋಡಿ ಗೊತ್ತಿಲ್ಲ ಎನ್ನಲು ಆಗಲಿಲ್ಲ, ಅಷ್ಟೇ. ಒಂದು ಸುಳ್ಳನ್ನು ಒಪ್ಪಿಕೊಂಡು ಐದು ನಿಮಿಷ ಆಗಿರಲಿಲ್ಲ, ಇನ್ನೊಂದು ಹೇಳಿಬಿಟ್ಟೆನಲ್ಲ ಎಂದು ಸ್ಟಾಫ್‌ ರೂಮಿಗೆ ಹೋಗಿ ಕೂತುಬಿಟ್ಟೆ.

ಆ ವರ್ಷ ಅವಳು ಪರೀಕ್ಷೆ ಬರೆದಳು, ಪಾಸಾದಳು, ಈಗ ಪಾವಗಡದಲ್ಲಿ ಕಾಲೇಜಿಗೆ ಹೋಗುತ್ತಾಳೆ. ನನಗೆ ನೋಟಿಸು ಬಂತು, ವರ್ಷದ ಕೊನೆಗೆ ಶಿರಾ ಕಡೆಗೆ ವರ್ಗವೂ ಆಯಿತು. ಅದೆಲ್ಲ ಆಮೇಲಿನ ಮಾತು. ನನಗೆ ಕನಸಿನಲ್ಲಿ ಬರುವುದು ಪ್ರೇಯರ್‌ ಆದ ಮೇಲಿನ ಹನ್ನೊಂದು ದಿನಗಳು. ಕಚೇರಿಯ ಕಾಗದಕ್ಕಾಗಿ ಕಾದ ದಿನಗಳು. ನಾಗವೇಣಿ ಒಂದು ದಿನವೂ ತಪ್ಪಿಸದೆ ಬರುತ್ತಿದ್ದಳು. ಮೊದಲ ಬೆಂಚಿಗೆ ಬಂದು ಕೂತಿದ್ದಳು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ತಂದು ತೋರಿಸುತ್ತಿದ್ದಳು. ನಾನು ಅವಳ ಉತ್ತರ ತಿದ್ದುತ್ತಿದ್ದೆ, ಕಣ್ಣೆತ್ತಿ ಅವಳ ಮುಖ ನೋಡುತ್ತಿರಲಿಲ್ಲ. ಪೋಸ್ಟ್‌ಮ್ಯಾನ್‌ ಸೈಕಲ್‌ ಬೆಲ್‌ ಕೇಳಿದರೆ ಸೀಮೆಸುಣ್ಣ ಕೈಯಿಂದ ಜಾರುತ್ತಿತ್ತು. ದಿನಕ್ಕೆ ನಾಲ್ಕು ಸಲ ಹೆಡ್‌ಮಾಸ್ಟರ ಕೋಣೆಯ ಬಾಗಿಲಿಗೆ ಹೋಗುತ್ತಿದ್ದೆ. ಅವರು ನನ್ನನ್ನು ಕಂಡ ಕೂಡಲೇ ಇಲ್ಲ ಎಂದು ಕೈಯಾಡಿಸುತ್ತಿದ್ದರು. ರಾತ್ರಿಯೆಲ್ಲ, ಇಲ್ಲ ಎಂದು ಕಾಗದ ಬಂದರೆ ಅವಳಿಗೆ ಹೇಗೆ ಹೇಳುವುದು ಎಂದು ಮಾತು ಕೂಡಿಸುತ್ತಿದ್ದೆ, ಬೆಳಗ್ಗೆ ಒಂದೂ ನೆನಪಿರುತ್ತಿರಲಿಲ್ಲ.

ಹನ್ನೆರಡನೇ ದಿನ ಮೂರನೇ ಪಿರಿಯಡ್ಡಿನಲ್ಲಿ ರುದ್ರಪ್ಪನವರು ತಾವೇ ತರಗತಿಯ ಬಾಗಿಲಿಗೆ ಬಂದು ಕಾಗದ ಕೊಟ್ಟರು. ವಿನಾಯಿತಿ ಮಂಜೂರಾಗಿತ್ತು. ಎರಡು ಸಲ ಓದಿದೆ, ಹೆಸರು ಸರಿಯಿದೆಯೇ, ಸೀಲು ಇದೆಯೇ ಎಂದು ಮೂರನೇ ಸಲ ಓದಿದೆ. ಮೊದಲ ಬೆಂಚಿನ ಹತ್ತಿರ ಹೋಗಿ, ನಾಗವೇಣಿ, ಬಂತು ಕಣಮ್ಮ, ನೀನು ಪರೀಕ್ಷೆ ಬರೀಬಹುದು ಎಂದೆ. ಅವಳು ಬರೆಯುತ್ತಿದ್ದ ಲೆಕ್ಕದಿಂದ ತಲೆಯೆತ್ತಿದಳು. ನನ್ನ ಕಣ್ಣಲ್ಲಿ ನೀರು ಯಾಕಿದೆ ಎಂದು ಅವಳಿಗೆ ತಿಳಿಯಲಿಲ್ಲ.

"ಗೊತ್ತಲ್ಲ ಮಿಸ್," ಎಂದಳು. "ಅವತ್ತೇ ನೀವು ಹೇಳಿದ್ರಲ್ಲ."